ಎಂಟು ಮಡಿಕೆಯ ಹಸಿರು ಬಟ್ಟೆ

ಟೊಕೊರೊವಾ, ನ್ಯೂಜಿಲೆಂಡ್
6 ಮಾರ್ಚ್ 1988

ತೆಪಾಯೆರು ಅಕ್ಕನಿಗೆ,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಇದು ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಒಡೆಯದೆ ಒಲೆಗೆ ಹಾಕಿಲ್ಲವಾದರೆ ಮುಂದೆ ಓದು.

ನಮ್ಮ ಕುರಾಳ ಮದುವೆ ನಿಶ್ಚಯವಾಗಿದೆ. ಡಿಸೆಂಬರ್ ಹತ್ತು, ಶನಿವಾರ. ನಾವು ಅತಿಯು ದ್ವೀಪ ಬಿಟ್ಟು ಹಡಗು ಹತ್ತಿದ ದಿನ ನಿನ್ನ ಸೊಂಟದ ಮೇಲಿದ್ದ ಎಂಟು ತಿಂಗಳ ಕೂಸಿಗೆ ಈಗ ಇಪ್ಪತ್ತನಾಲ್ಕು ವರ್ಷ. ಹ್ಯಾಮಿಲ್ಟನ್‌ನಲ್ಲಿ ನರ್ಸ್ ಆಗಿದ್ದಾಳೆ. ಹುಡುಗ ವಿರೆಮು, ಇಲ್ಲಿನ ಮಾವೊರಿ ಮನೆತನದವನು, ಬಸ್ಸುಗಳ ಮೆಕ್ಯಾನಿಕ್. ಮಾತು ಕಡಿಮೆ, ಊಟ ಜೋರು. ರೊಂಗೊಗೆ ಅಳಿಯ ಹಿಡಿಸಿದ್ದಾನೆ.

ತಿವಾಯ್‌ವಾಯ್ ಕೌದಿ ಹೊದಿಸದೆ ಮಗಳನ್ನು ಕಳಿಸಿದರೆ ನಾನೆಂಥ ತಾಯಿ? ಹೊಲಿಯುವ ಕೈ ನನಗಿದೆ. ಕತ್ತರಿಸುವ ಕಣ್ಣು ಇಲ್ಲ. ಇಲ್ಲಿ ಚಿತ್ತಾರ ಕತ್ತರಿಸುವವಳು ಒಬ್ಬಳಿದ್ದಾಳೆ, ಊರಿನ ಎಲ್ಲ ಮದುಮಗಳಿಗೂ ಅದೇ ದಾಸವಾಳ. ಕುರಾಗೆ ಬೇರೆ ಯಾರ ಮಂಚದ ಮೇಲೂ ಇಲ್ಲದ್ದು ಬೇಕಂತೆ. ಅದಕ್ಕೇ ಈ ಕಟ್ಟಿನಲ್ಲಿ ಹಸಿರು ಬಟ್ಟೆ ಕಳಿಸುತ್ತಿದ್ದೇನೆ. ಎಂಟು ಮಡಿಕೆ ಮಡಿಚಿ, ನಿನಗೆ ತೋಚಿದ್ದು ಕತ್ತರಿಸಿ ಕಳಿಸು. ಬಿಳಿ ಬಟ್ಟೆಯ ಮೇಲಿಟ್ಟು ಹೊಲಿಯುವುದು ನನ್ನ ಪಾಲು.

ಹನ್ನೆರಡು ವರ್ಷ ನಾವು ಒಂದು ಅಕ್ಷರವನ್ನೂ ಬರೆದುಕೊಂಡಿಲ್ಲ. ಆ ಮಾತು ಈಗ ಬೇಡ. ಮಗುವಿನ ಮುಖ ನೋಡಿ ಮಾಡು.

ಮೆರೆಯಾನಾ


ಅರೆಯೊರಾ, ಅತಿಯು
2 ಏಪ್ರಿಲ್ 1988

ಮೆರೆಯಾನಾಗೆ,

ಒಲೆಗೆ ಹಾಕಲಿಲ್ಲ. ಹಾಕಬೇಕೆಂದು ಅಡುಗೆಮನೆಯವರೆಗೆ ಹೋಗಿದ್ದು ನಿಜ.

ಕುರಾಗೆ ನನ್ನ ಆಶೀರ್ವಾದ ಹೇಳು. ಬೆನ್ನ ಮೇಲೆ ಕೈಯಾಡಿಸಿದರೆ ಸಾಕು, ನಿದ್ದೆ ಮಾಡುತ್ತಿದ್ದ ಮಗು ಅದು.

ಬಟ್ಟೆಯನ್ನು ವಾಪಸು ಕಳಿಸಿದ್ದೇನೆ. ಕತ್ತರಿ ಮುಟ್ಟಿಸಿಲ್ಲ. ಮಗಳು ನಿನ್ನವಳು, ನೀನೇ ಕತ್ತರಿಸು. ಆ ಕಣ್ಣು ತನಗಿಲ್ಲ ಎಂದು ಬರೆದಿದ್ದೀಯ. ಪೇಪರಿನವರು ಫೋಟೋ ತೆಗೆದ ದಿನ ಇತ್ತಲ್ಲ? ಮನೆಯಲ್ಲೇ ಎಲ್ಲೋ ಇಟ್ಟಿರುತ್ತೀಯ, ಹುಡುಕಿಕೊ.

ತೆಪಾಯೆರು


ಟೊಕೊರೊವಾ
24 ಏಪ್ರಿಲ್ 1988

ಅಕ್ಕಾ,

ನಿನ್ನ ಕಾಗದ ಓದಿ ಎರಡು ದಿನ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಟ್ಟೆ. ಮೂರನೆಯ ದಿನ ಕತ್ತರಿ ತೆಗೆದುಕೊಂಡೆ.

ಹಸಿರು ಬಟ್ಟೆಯನ್ನು ಮುಟ್ಟುವಷ್ಟು ಧೈರ್ಯವಿರಲಿಲ್ಲ. ಹಳೆಯ ಮಂಚದ ಚಾದರವನ್ನು ಮಡಿಚಿ, ಮಡಿಚಿ, ಮತ್ತೆ ಮಡಿಚಿ, ನೆಲದ ಮೇಲಿಟ್ಟು ಮಂಡಿಯೂರಿ ಕೂತೆ. ಮನಸ್ಸಿನಲ್ಲಿ ಎಂಥದೋ ಹೂವಿತ್ತು. ಕತ್ತರಿಸುತ್ತಾ ಹೋದೆ. ಬಿಚ್ಚಲು ಹೋದರೆ ಬಿಚ್ಚುವುದಕ್ಕೇ ಏನೂ ಇಲ್ಲ, ಎಂಟು ತುಂಡು ಎಂಟು ಕಡೆ ಬಿದ್ದವು. ಮಡಿಕೆಯ ಅಂಚನ್ನೇ ಉದ್ದಕ್ಕೂ ಕತ್ತರಿಸಿಬಿಟ್ಟಿದ್ದೆ. ಹತ್ತು ವರ್ಷದ ಹುಡುಗಿ ಮಾಡದ ತಪ್ಪು.

ರೊಂಗೊ ಬಾಗಿಲಲ್ಲಿ ನಿಂತು ನೋಡುತ್ತಿದ್ದ. "ಇನ್ನೊಂದು ಸಲ ಕತ್ತರಿಸು," ಅಂದ. "ಹದಿನಾರು ಕರವಸ್ತ್ರ ಆಗ್ತವೆ. ಬಂದ ನೆಂಟರಿಗೆಲ್ಲ ಹಂಚಬಹುದು."

ನಾನು ನಗಲಿಲ್ಲ. ನೀನು ನಗುತ್ತೀಯ ಎಂದು ಗೊತ್ತಿದ್ದೇ ಬರೆದಿದ್ದೇನೆ.

ನಗು, ಆದರೆ ಕೇಳು. ನಾನೇ ಕತ್ತರಿಸುತ್ತೇನೆ. ದಾಸವಾಳದವಳ ಬಾಗಿಲಿಗೆ ಹೋಗುವುದಿಲ್ಲ, ನಿನ್ನ ಮುಂದೆ ಮತ್ತೆ ಬಟ್ಟೆ ಒಡ್ಡುವುದಿಲ್ಲ. ಕತ್ತರಿ ಹಿಡಿಯುವುದು ಅಭ್ಯಾಸದಿಂದ ಬರುತ್ತದೆ. ಬರದೆ ಇರುವುದು ಒಂದೇ. ಏನನ್ನು ಕತ್ತರಿಸಬೇಕು ಎಂಬುದು ನಿನಗೆಲ್ಲಿಂದ ಬರುತ್ತಿತ್ತು? ಇಲ್ಲಿ ಕಿಟಕಿ ತೆರೆದರೆ ಪಕ್ಕದ ಮನೆಯ ಗ್ಯಾರೇಜು, ಅದರಾಚೆ ಪೈನ್ ಮರ, ಅದರಾಚೆ ಇನ್ನಷ್ಟು ಪೈನ್ ಮರ. ಇದರಲ್ಲಿ ಏನಿದೆ ನೋಡಲು? ಇದೊಂದನ್ನು ಹೇಳು. ಮತ್ತೇನೂ ಕೇಳುವುದಿಲ್ಲ.

ಮೆರೆಯಾನಾ


ಅರೆಯೊರಾ
20 ಮೇ 1988

ಮೆರೆಯಾನಾಗೆ,

ಹದಿನಾರು ಕರವಸ್ತ್ರದ ಮಾತಿಗೆ ನಕ್ಕಿದ್ದು ಹೌದು. ರೊಂಗೊ ಇನ್ನೂ ಹಾಗೆಯೇ ಇದ್ದಾನೆ ಎಂದು ಸಮಾಧಾನವಾಯಿತು.

ನನಗೆ ಹದಿನಾಲ್ಕಾದಾಗ ಅವ್ವ ನನ್ನ ಕೈಯಿಂದ ಕತ್ತರಿ ಕಿತ್ತುಕೊಂಡು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಳು. ದಿನಕ್ಕೊಂದು ಕಂಡದ್ದನ್ನು ಸಂಜೆ ಬಂದು ಹೇಳಬೇಕು, ಅಷ್ಟೇ ಕೆಲಸ. ಮೊದಲ ದಿನ ಹೂವು ನೋಡಿದೆ ಎಂದೆ. ಯಾವ ಹೂವು, ಎಷ್ಟು ಎಸಳು, ಯಾವ ಕಡೆ ಬಾಗಿತ್ತು ಎಂದು ಕೇಳಿದಳು. ಕತ್ತಲಾಗುವ ಮೊದಲು ಮತ್ತೆ ಓಡಿಹೋಗಿ ಎಣಿಸಿ ಬಂದೆ. ಹೀಗೆ ನಾಲ್ಕು ತಿಂಗಳು. ಕೆಸುವಿನ ಗದ್ದೆಯಲ್ಲಿ ನೀರು ಹೇಗೆ ಸುತ್ತಿಕೊಳ್ಳುತ್ತದೆ, ಬೇಯಿಸಿದ ಮೀನಿನ ಮುಳ್ಳು ಬೆನ್ನೆಲುಬಿಗೆ ಯಾವ ಓರೆಯಲ್ಲಿ ಕೂಡುತ್ತದೆ, ಪಾದ್ರಿಯ ಹೆಂಡತಿಯ ಟೋಪಿಯ ಹೆಣಿಗೆ, ಎಲ್ಲವನ್ನೂ ಹೇಳಿದ್ದೇನೆ. ಆಮೇಲೆ ಕತ್ತರಿ ವಾಪಸು ಕೊಟ್ಟಳು.

ಇದನ್ನು ನಾನು ಯಾರಿಗೂ ಹೇಳಿಕೊಟ್ಟಿಲ್ಲ. ನಿನಗೇಕೆ ಹೇಳುತ್ತಿದ್ದೇನೋ ಗೊತ್ತಿಲ್ಲ.

ಕತ್ತರಿಯನ್ನು ಎತ್ತಿಡು. ದಿನಕ್ಕೊಂದು ಬರೆದಿಡು. ಕಂಡದ್ದು, ತಿಂದದ್ದು, ಓದಿದ್ದು, ಹೋಗಿ ಬಂದ ಜಾಗ, ಯಾವುದಾದರೂ ಸರಿ. ತಿಂಗಳ ಕೊನೆಗೆ ಕಳಿಸು. ಗ್ಯಾರೇಜು ಅಡ್ಡ ಬಂತು ಎನ್ನಬೇಡ. ಗ್ಯಾರೇಜಿನ ಬಾಗಿಲಿಗೆ ಎಷ್ಟು ಹಲಗೆ ಇವೆ?

ತೆಪಾಯೆರು


ಟೊಕೊರೊವಾ
26 ಜೂನ್ 1988

ಅಕ್ಕಾ,

ಹನ್ನೊಂದು ಹಲಗೆ. ಎಡಗಡೆಯಿಂದ ನಾಲ್ಕನೆಯದನ್ನು ಯಾವಾಗಲೋ ಬದಲಾಯಿಸಿದ್ದಾರೆ, ಬಣ್ಣ ಬೇರೆ. ಹದಿನೆಂಟು ವರ್ಷದಿಂದ ಅದರ ಎದುರು ಪಾತ್ರೆ ತೊಳೆದಿದ್ದೇನೆ, ಈಗ ಕಂಡಿತು.

ಒಂದು ತಿಂಗಳದ್ದನ್ನು ಪೂರ್ತಿ ನಕಲು ಮಾಡಿದರೆ ಅಂಚೆಯವನು ಬೈದಾನು. ಆರಿಸಿದ್ದನ್ನು ಬರೆಯುತ್ತೇನೆ.

ನಾನು ಈಗ ಬೆಳಿಗ್ಗೆ ಊರಿನ ಲೈಬ್ರರಿ ಗುಡಿಸಿ ಒರೆಸುತ್ತೇನೆ. ಒಂಬತ್ತು ವರ್ಷದಿಂದ ಆ ಪುಸ್ತಕಗಳ ಬೆನ್ನು ಒರೆಸಿದ್ದೇನೆಯೇ ಹೊರತು ಒಂದನ್ನೂ ಬಿಡಿಸಿರಲಿಲ್ಲ. ಈ ತಿಂಗಳು ಮೇಜಿನ ಮೇಲೆ ಯಾರೋ ಬಿಟ್ಟುಹೋದದ್ದನ್ನು ತೆರೆದೆ. ಕಡಲಪಾಚಿಯನ್ನು ಒತ್ತಿ ಒಣಗಿಸಿ ಅಚ್ಚು ತೆಗೆದ ಚಿತ್ರಗಳು. ಪೊರಕೆಯನ್ನು ಗೋಡೆಗಿಟ್ಟು ನಿಂತೇ ಇಪ್ಪತ್ತು ಪುಟ ನೋಡಿದೆ. ಮರುದಿನ ಅರ್ಧ ಗಂಟೆ ಮೊದಲೇ ಹೋಗಿ ಉಳಿದದ್ದನ್ನು ನೋಡಿದೆ.

ಚಳಿಗಾಲ ಶುರುವಾಗಿ ಹಿಮ ಬಿದ್ದಿದೆ. ಕಿಟಕಿಯ ಗಾಜಿನ ಮೇಲೆ ಬೆಳಿಗ್ಗೆ ಬೆಳ್ಳಗೆ ಗರಿ ಮೂಡಿರುತ್ತದೆ, ಬಿಸಿಲು ಮೂಲೆಯಿಂದ ತಿನ್ನುತ್ತಾ ಬರುತ್ತದೆ.

ರೊಂಗೊನ ಹುಟ್ಟಿದ ಹಬ್ಬಕ್ಕೆ ಬಾಳೆಹಣ್ಣು ಬೇಯಿಸಿ ಪೊಕೆ ಸಿಹಿ ಮಾಡಿದೆ. ತಿರುವಿದಾಗ ಚಮಚದ ಗುರುತು ಕ್ಷಣ ನಿಂತು ಮುಚ್ಚಿಕೊಳ್ಳುತ್ತಿತ್ತು. ಎಷ್ಟು ಹೊತ್ತು ನೋಡುತ್ತಾ ನಿಂತೆನೆಂದರೆ ತಳ ಹಿಡಿಯಿತು. ರೊಂಗೊ ಹೇಳಿದ, "ಆ ನಿನ್ನ ಅಕ್ಕಂಗೆ ಬರಿ, ಅಲ್ಲಿಂದ ಕೂತ್ಕೊಂಡು ಇಲ್ಲಿ ನನ್ನ ಪೊಕೆ ಸುಟ್ಟಳು ಅಂತ." ಬರೆದಿದ್ದೇನೆ.

ಒಂದು ಶನಿವಾರ ಬಸ್ಸು ಹತ್ತಿ ಒಬ್ಬಳೇ ರೋಟೊರುವಾಗೆ ಹೋದೆ. ಮಾವೊರಿಗಳ ಸಭಾಮನೆಯ ಗೋಡೆಯ ಹೆಣಿಗೆಯನ್ನು ನೋಡಲೆಂದೇ. ಮೆಟ್ಟಿಲಿನ ಹಾಗೆ ಏರುವ ಹೆಣಿಗೆ, ಒಂದೊಂದು ಗಂಟನ್ನು ಎಣಿಸಿದೆ. ಅಲ್ಲಿದ್ದ ಹೆಂಗಸು ಏನಾದರೂ ಕಳೆದುಕೊಂಡಿದ್ದೀರಾ ಎಂದು ಕೇಳಿದಳು.

ಎಲ್ಲವನ್ನೂ ಕಾಗದದಲ್ಲಿ ಕತ್ತರಿಸಿ ನೋಡಿದೆ (ಕತ್ತರಿ ಮುಟ್ಟಬೇಡ ಎಂದು ನೀನು ಹೇಳಿದ್ದೆ, ತಡೆಯಲಾಗಲಿಲ್ಲ). ಪಾಚಿ ಚೆನ್ನಾಗಿ ಬಂತು, ಆದರೆ ಅದು ಆ ಪುಸ್ತಕದ ಪಾಚಿ. ಹಿಮ ಗಾಜಿನ ಮೇಲೇ ಚೆನ್ನ. ಹೆಣಿಗೆ ಅವರದು. ಯಾವುದೂ ನನ್ನ ಮಗಳ ಮೈಮೇಲೆ ಹಾಕುವಂಥದ್ದಲ್ಲ.

ಆದರೂ ಒಂದು ಹೇಳುತ್ತೇನೆ. ದಿನ ಉದ್ದವಾಗಿದೆ. ಬೆಳಿಗ್ಗೆ ಎದ್ದಾಗ ಇವತ್ತು ಏನು ಸಿಗುತ್ತದೋ ಎಂದು ನೋಡುತ್ತೇನೆ.

ನಿನಗೆ ಏನು ಕಂಡಿತು ಈ ತಿಂಗಳು? ನೀನೂ ಬರಿ.

ಮೆರೆಯಾನಾ


ಅರೆಯೊರಾ
17 ಜುಲೈ 1988

ಮೆರೆಯಾನಾಗೆ,

ಮೂರು ಸಲ ಓದಿದೆ. ಲೈಬ್ರರಿಯದು ಹಿಡಿಸಿತು.

ಆದರೆ ನೀನು ಬರೆದದ್ದೆಲ್ಲ ನೋಡಲಿಕ್ಕೆಂದೇ ಇಟ್ಟಿರುವ ಸಾಮಾನು. ಪುಸ್ತಕದ ಚಿತ್ರ, ಗಾಜಿನ ಗರಿ, ಸಭಾಮನೆಯ ಗೋಡೆ. ಯಾರು ನೋಡಿದರೂ ಚೆಂದವೇ. ನಿನ್ನ ಕೈ ದಿನವೂ ಮುಟ್ಟಿ, ಕಣ್ಣು ಒಮ್ಮೆಯೂ ನೋಡದೆ ಇರುವುದು ಎಷ್ಟಿಲ್ಲ? ಅದನ್ನು ಬರಿ.

ನೀನು ಮೊದಲಿನಿಂದಲೂ ಹಾಗೇ. ಬೇರೆಯವರು ನೋಡಿಟ್ಟದ್ದನ್ನು ಎತ್ತಿಕೊಳ್ಳುವುದು ನಿನಗೆ ಸುಲಭ.

ನನಗೆ ಕಂಡದ್ದನ್ನು ಕೇಳಿದ್ದೀಯ. ಇಲ್ಲಿ ಕಾಣುವುದು ಏನೆಂದು ನಿನಗೆ ಗೊತ್ತು.

ತೆಪಾಯೆರು


ಟೊಕೊರೊವಾ
7 ಆಗಸ್ಟ್ 1988

ಅಕ್ಕಾ,

ಬೇರೆಯವರದನ್ನು ಎತ್ತಿಕೊಳ್ಳುವುದು ಸುಲಭ ಎಂದೆಯಲ್ಲ, ಆ ಸಾಲನ್ನು ಬರೆಯಲು ನಿನಗೆ ಹನ್ನೆರಡು ವರ್ಷ ಬೇಕಾಯಿತು. ಉತ್ತರ ಬರೆಯಲು ನನಗೂ ಅಷ್ಟೇ ಬೇಕಾಗಿದೆ. ಮೊದಲ ಕಾಗದದಲ್ಲೇ ಬರೆಯಬೇಕಿತ್ತು.

ನಾನು ಊರು ಬಿಡುವಾಗ ನೀನು ದೀವಿಹಲಸಿನ ಎಲೆಯ ಚಿತ್ತಾರ ಕತ್ತರಿಸಿ, ಸುರುಳಿ ಸುತ್ತಿ ನನ್ನ ಪೆಟ್ಟಿಗೆಯಲ್ಲಿಟ್ಟೆ. ಅಲ್ಲಿ ಹೋಗಿ ಬೇಜಾರಾದಾಗ ಹೊಲಿ ಎಂದೆ. ಹತ್ತು ವರ್ಷ ಹೊಲಿದೆ. ಬೇಜಾರು ಅಷ್ಟಿತ್ತು. 1976ರಲ್ಲಿ ಅದನ್ನು ಇಲ್ಲಿನ ಕರಕುಶಲ ಪ್ರದರ್ಶನದಲ್ಲಿ ಇಟ್ಟೆ. ಮೊದಲ ಬಹುಮಾನ ಬಂತು. ಕ್ಯಾಮರಾ ಹಿಡಿದ ಹುಡುಗಿಯೊಬ್ಬಳು ಬಂದು ಕೇಳಿದಳು, "ಈ ಡಿಸೈನು ಕೂಡ ನಿಮ್ಮದೇನಾ?"

ನಿನಗೆ ಯಾರು ಯಾರು ಏನೇನು ಹೇಳಿದ್ದಾರೋ. ನಿನ್ನ ಹೆಸರನ್ನು ನಾನು ಹೇಳಿದ್ದಾಗಿಯೂ ಪೇಪರಿನವರು ಅದನ್ನು ಬಿಟ್ಟುಬಿಟ್ಟರೆಂದೂ ಇಲ್ಲಿ ಕೆಲವರ ಹತ್ತಿರ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ನನಗೆ ಬೇಕಾದಷ್ಟು ಹೊತ್ತು ಇತ್ತು. ಆ ಹುಡುಗಿ ಪೆನ್ನು ಹಿಡಿದು ಕಾಯುತ್ತಿದ್ದಳು. ಸುತ್ತ ಬಿಳಿಯ ಹೆಂಗಸರು ನನ್ನನ್ನೇ ನೋಡುತ್ತಿದ್ದರು. ಅವರ ಮನೆಗಳ ನೆಲ ಒರೆಸುತ್ತಿದ್ದ ಕಾಲ ಅದು, ಆ ಹತ್ತು ವರ್ಷದಲ್ಲಿ ಅವರು ನನ್ನ ಮುಖ ನೋಡಿದ್ದು ಅದೇ ಮೊದಲು. "ಹೌದು, ನಂದೇ," ಅಂದೆ.

ಅಷ್ಟೇ ನಡೆದದ್ದು. ಪೇಪರಿನ ತುಂಡು ನಿನಗೆ ತಲುಪಿತೆಂದು ಗೊತ್ತಾಯಿತು. ನಿನ್ನ ಕಾಗದ ನಿಂತಿತು. ನಿಂತದ್ದು ನ್ಯಾಯವೇ ಎಂದುಕೊಂಡು ನಾನೂ ಸುಮ್ಮನಾದೆ. ಸುಮ್ಮನಿರುವುದು ಹೇಳುವುದಕ್ಕಿಂತ ಹಗುರ.

ಕ್ಷಮೆ ಕೇಳುತ್ತಿದ್ದೇನೆ. ಕೊಡುವುದು ಬಿಡುವುದು ನಿನಗೆ ಬಿಟ್ಟದ್ದು. ಕೊಡದೆ ಹೋದರೂ ಡಿಸೆಂಬರ್ ಹತ್ತಕ್ಕೆ ಕೌದಿ ಸಿದ್ಧವಾಗುತ್ತದೆ.

ಮೆರೆಯಾನಾ


ಟೊಕೊರೊವಾ
11 ಸೆಪ್ಟೆಂಬರ್ 1988

ಅಕ್ಕಾ,

ಒಂದು ತಿಂಗಳು ಕಳೆಯಿತು, ನಿನ್ನಿಂದ ಏನೂ ಬರಲಿಲ್ಲ. ನಾನು ಬರೆಯುವುದನ್ನು ನಿಲ್ಲಿಸುವುದಿಲ್ಲ. ಓದದೆ ಇಟ್ಟಿದ್ದರೆ ಹಾಗೇ ಇಟ್ಟಿರು.

ಕುರಾ ಶನಿವಾರ ಬಂದಿದ್ದಳು. ಭಾನುವಾರ ಚರ್ಚಿನ ಊಟಕ್ಕೆ ನನ್ನದು ರುಕಾವು. ಇಲ್ಲಿ ಕೆಸುವಿನ ಎಲೆ ಸಿಗುವುದಿಲ್ಲ, ಸಿಕ್ಕರೂ ಬಾಡಿದ್ದು. ಬಂದಾಗಿನಿಂದ ನಾವೆಲ್ಲ ಹಿತ್ತಲಲ್ಲಿ ಸಿಲ್ವರ್‌ಬೀಟ್ ಸೊಪ್ಪು ಬೆಳೆದು ಅದನ್ನೇ ತೆಂಗಿನಹಾಲಿನಲ್ಲಿ ಬೇಯಿಸುತ್ತೇವೆ. ಬೇಯಿಸುವಾಗಲೆಲ್ಲ ಒಬ್ಬರಾದರೂ ನಿಟ್ಟುಸಿರು ಬಿಡುತ್ತಾರೆ, ಊರಿನ ರುಕಾವಿನ ರುಚಿ ಇದಕ್ಕೆಲ್ಲಿ ಬರಬೇಕು ಎಂದು. ಆ ದಿನ ನಾನೂ ಬಿಟ್ಟೆ.

ಕುರಾ ನನ್ನ ಪಕ್ಕ ನಿಂತು ಸೊಪ್ಪು ಸೋಸುತ್ತಿದ್ದಳು. ಕೈ ನಿಲ್ಲಿಸಿ ಕೇಳಿದಳು, "ಅಮ್ಮಾ, ನಿಜವಾದ ರುಕಾವು, ನಿಜವಾದ ರುಕಾವು ಅಂತೀಯಲ್ಲ, ನಂಗೆ ಅದು ಗೊತ್ತೇ ಇಲ್ಲ. ನಂಗೆ ರುಕಾವು ಅಂದ್ರೆ ಇದೇ. ಹಾಸ್ಟೆಲಲ್ಲಿ ಹುಷಾರಿಲ್ದೆ ಮಲಗಿದ್ದಾಗ ನೆನಪಾಗಿದ್ದು ಇದೇ. ಇದು ಸುಳ್ಳಾ ಹಾಗಾದ್ರೆ?"

ಇಪ್ಪತ್ತಮೂರು ವರ್ಷ ಆ ಸೊಪ್ಪನ್ನು ಕೊಯ್ದಿದ್ದೇನೆ, ತೊಳೆದಿದ್ದೇನೆ, ಹಿಂಡಿದ್ದೇನೆ. ಬೇರೊಂದರ ಬದಲಿಗೆ ಬಂದದ್ದೆಂದು ಒಂದು ಸಲವೂ ಅದರ ಕಡೆ ನೋಡಿರಲಿಲ್ಲ.

ಒಂದು ಎಲೆಯನ್ನು ಮೇಜಿನ ಮೇಲೆ ಹರಡಿದೆ. ದಪ್ಪ ಬಿಳಿ ದಂಟು ಕೆಳಗೆ ಅಗಲವಾಗಿ, ಮೇಲೆ ಹೋಗುತ್ತಾ ಸಣ್ಣಗಾಗಿ, ಎರಡೂ ಕಡೆ ಕವಲೊಡೆಯುತ್ತದೆ. ಕವಲುಗಳು ಎದುರುಬದುರು ಇಲ್ಲ, ಒಂದು ಮೇಲೆ ಒಂದು ಕೆಳಗೆ. ಅಂಚು ಹಿಡಿಸದಷ್ಟು ಎಲೆ ಇರುವುದರಿಂದ ಅದು ನೆರಿಗೆಯಾಗಿ ಮಡಚಿಕೊಂಡಿದೆ. ನೋಡುತ್ತಿದ್ದಂತೆ ಹೊಳೆಯಿತು. ಹಸಿರು ಬಟ್ಟೆಯಲ್ಲಿ ದಂಟನ್ನೂ ಕವಲನ್ನೂ ಕತ್ತರಿಸಿ ತೆಗೆದರೆ ಕೆಳಗಿನ ಬಿಳಿ ಬಟ್ಟೆಯೇ ದಂಟಾಗಿ ಕಾಣುತ್ತದೆ. ಎಂಟು ಮಡಿಕೆಗೆ ಎಂಟು ಎಲೆ, ಬುಡವೆಲ್ಲ ನಡುವಿನಲ್ಲಿ ಕೂಡುತ್ತವೆ.

ಕಾಗದದಲ್ಲಿ ಆರು ಸಲ ಕತ್ತರಿಸಿದೆ. ಚಾದರದಲ್ಲಿ ಎರಡು ಸಲ. ನಿನ್ನೆ ಮಧ್ಯಾಹ್ನ ಹಸಿರು ಬಟ್ಟೆಯನ್ನು ಮಡಿಚಿದೆ. ರೊಂಗೊಗೆ ಹೊರಗೆ ಹೋಗಿರು ಎಂದೆ. ಹೋಗಲಿಲ್ಲ, ಆದರೆ ಬಾಯಿ ಬಿಡಲೂ ಇಲ್ಲ. ಕತ್ತರಿ ಇಟ್ಟು ಇಬ್ಬರೂ ಎರಡೆರಡು ಮೂಲೆ ಹಿಡಿದು ಬಿಚ್ಚಿದೆವು.

ಒಂದೇ ತುಂಡು. ಎಲ್ಲೂ ಬಿಟ್ಟಿಲ್ಲ.

ಕಾಗದದ ನಕಲು ಇದರ ಜೊತೆ ಇದೆ. ನೋಡು, ನೋಡದಿರು.

ಮೆರೆಯಾನಾ


ಅರೆಯೊರಾ
4 ಅಕ್ಟೋಬರ್ 1988

ಮೆರೆಯಾನಾ,

ನಿನ್ನ ಎರಡು ಕಾಗದಕ್ಕೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಕೆಲಸದ ಮಾತು. ನಡುವಿನಲ್ಲಿ ಎಂಟು ಬುಡ ಕೂಡುವಲ್ಲಿ ಹಸಿರು ತೀರಾ ಕಿರಿದಾಗಿದೆ, ಅಂಚು ಮಡಿಚಿ ಹೊಲಿಯುವಾಗ ಹರಿದೀತು. ಅಲ್ಲಿ ಮೊದಲು ಕಚ್ಚಾ ಹೊಲಿಗೆ ಹತ್ತಿರ ಹತ್ತಿರ ಹಾಕು. ಮೂರನೆಯ ಕವಲು ಬೇಕಾದ್ದಕ್ಕಿಂತ ನೆಟ್ಟಗಿದೆ. ಕತ್ತರಿಸಿಯಾಗಿದೆ, ಇರಲಿ. ಎಲೆಯ ಅಂಚಿನ ನೆರಿಗೆಗೆ ಕಡು ಹಸಿರು ದಾರದಲ್ಲಿ ಕಸೂತಿ ಹಾಕು, ತಿಳಿ ಹಸಿರು ಬೇಡ.

ಇನ್ನು ಎರಡನೆಯದು. ಪೇಪರಿನ ತುಂಡು ನನ್ನ ಹತ್ತಿರ ಇತ್ತು. ನಿನ್ನ ಕಾಗದ ಓದಿದ ದಿನ ತೆಗೆದು ನೋಡಿದೆ. ಹನ್ನೆರಡು ವರ್ಷ ನಾನು ಅದರಲ್ಲಿ ನಿನ್ನ ನಗುವನ್ನು ಮಾತ್ರ ನೋಡಿದ್ದೆ. ಈ ಸಲ ನಿನ್ನ ಕೈ ನೋಡಿದೆ. ಬಿಟ್ಟರೆ ನೀನೇ ಬಿದ್ದುಹೋಗುವ ಹಾಗೆ ಕೌದಿಯ ಅಂಚನ್ನು ಬಿಗಿಯಾಗಿ ಹಿಡಿದಿದ್ದೀಯ.

ನೀನು ಮಾಡಿದ್ದು ತಪ್ಪು. ನೀನು ಹೇಳಿದ ಮೇಲೂ ಅದು ತಪ್ಪೇ. ಆದರೆ ನೀನೇ ಹೇಳಿದೆ, ಅದು ನನಗೆ ಬೇಕಿತ್ತು.

ನಾನು ಮಾಡಿದ್ದನ್ನೂ ಕೇಳು. ಪೇಪರು ಬಂದ ವರ್ಷ ದೀವಿಹಲಸಿನ ಎಲೆ ನನ್ನದೆಂದು ಇಡೀ ಅತಿಯುಗೆ ತೋರಿಸಬೇಕೆಂದು ಹಟ ಹಿಡಿದೆ. ಯಾರು ಬಂದು ಕೇಳಿದರೂ ಅದನ್ನೇ ಕತ್ತರಿಸಿಕೊಟ್ಟೆ. ಮದುವೆಗೆ ಅದೇ, ಸಾವಿಗೆ ಅದೇ. ಮೂವತ್ತೊಂದು ಕೌದಿ, ಮೂವತ್ತೊಂದೂ ಒಂದೇ. ಹೆಂಗಸರು ನನ್ನ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು, "ತೆಪಾಯೆರು ಮನೇಲಿ ದೀವಿಹಲಸು ಬಿಟ್ರೆ ಬೇರೆ ಬೆಳೆ ಇಲ್ಲ" ಎಂದು. ಕಿವಿಗೆ ಬಿದ್ದರೂ ಬೀಳದ ಹಾಗಿದ್ದೆ.

ನಿನ್ನ ಹಸಿರು ಬಟ್ಟೆ ಬಂದಾಗ ಮಡಿಚಿ ಮುಂದಿಟ್ಟುಕೊಂಡು ಎರಡು ದಿನ ಕೂತಿದ್ದೆ. ಬೇರೆ ಏನೂ ಬರಲಿಲ್ಲ, ಮೆರೆಯಾನಾ. ಕಣ್ಣು ಮುಚ್ಚಿದರೆ ಅದೇ ಎಲೆ. ಆಗದು ಎಂದು ಬರೆಯಲು ಮನಸ್ಸು ಬರಲಿಲ್ಲ. ನೀನೇ ಕತ್ತರಿಸು ಎಂದು ಬರೆದೆ. ಅವ್ವ ಹೇಳಿದ್ದನ್ನು ನಿನಗೆ ಉಪದೇಶ ಮಾಡಿದೆನಲ್ಲ, ಅದನ್ನು ನಾನು ಬಿಟ್ಟೇ ಎಷ್ಟೋ ವರ್ಷವಾಗಿತ್ತು.

ಕಳೆದ ವಾರದಿಂದ ನಾನೂ ಬರೆದಿಡುತ್ತಿದ್ದೇನೆ. ಸೋಮವಾರ ಕಾಫಿ ಕೀಳುವವರ ಬುಟ್ಟಿಯ ತಳ. ಮಂಗಳವಾರ ಏನೂ ಇಲ್ಲ. ಬುಧವಾರ ಬಂದರಿಗೆ ಇಳಿದು ಹೋದೆ, ಮಂಡಿ ನೋವಿನ ನೆಪದಲ್ಲಿ ಹೋಗದೆ ಮೂರು ವರ್ಷವಾಗಿತ್ತು.

ತೆಪಾಯೆರು


ಟೊಕೊರೊವಾ
30 ಅಕ್ಟೋಬರ್ 1988

ಅಕ್ಕಾ,

ನಿನ್ನ ಕಾಗದವನ್ನು ಲೈಬ್ರರಿಯಲ್ಲಿ, ಬಾಗಿಲು ತೆರೆಯುವ ಮೊದಲು ಒಬ್ಬಳೇ ಕೂತು ಓದಿದೆ. ಅದರ ಬಗ್ಗೆ ಬರೆಯಲು ಬರುವುದಿಲ್ಲ. ನಡುವಿನಲ್ಲಿ ಕಚ್ಚಾ ಹೊಲಿಗೆ ಹತ್ತಿರ ಹತ್ತಿರ ಹಾಕಿದ್ದೇನೆ.

ಹೊಲಿಯಲು ಕೂತಾಗ ನಾವು ಆರು ಜನ. ಬಟ್ಟೆ ಹರಡಿದ ಕೂಡಲೇ ಗುಸುಗುಸು ಶುರುವಾಯಿತು. ದಾಸವಾಳದವಳು ನೇರವಾಗಿ ಕೇಳಿದಳು, "ಮದುಮಗಳ ಮೇಲೆ ಸೊಪ್ಪು ಹೊದಿಸ್ತೀಯಾ? ಅವಳೇನು ಮೇಕೆ ಮರಿಯಾ?" ಇಬ್ಬರು ಅವಳ ಜೊತೆ ಎದ್ದು ಹೋದರು. ಹೋಗುವವರನ್ನು ನಾನು ತಡೆಯಲಿಲ್ಲ. ಉಳಿದವರಲ್ಲಿ ವಾಯಿನೆ ಅಜ್ಜಿಗೆ ಎಂಬತ್ತು ದಾಟಿದೆ. ಅವಳು ಕನ್ನಡಕ ಸರಿಮಾಡಿಕೊಂಡು ಎಲೆಯ ಮೇಲೆ ಕೈಯಾಡಿಸಿದಳು. "ನನ್ನ ಏಳು ಮಕ್ಕಳು ದೊಡ್ಡವರಾಗಿದ್ದು ಈ ಸೊಪ್ಪಲ್ಲೇ," ಅಂದಳು. "ದಾಸವಾಳ ತಿಂದಲ್ಲ. ಸೂಜಿ ಕೊಡು."

ಮೂವರ ಕೈ ಸಾಲುವುದಿಲ್ಲ. ದಿನಕ್ಕೆ ಇಷ್ಟು ಕವಲು ಎಂದು ಗೊತ್ತುಮಾಡಿಕೊಂಡಿದ್ದೇನೆ, ಮುಗಿಸದೆ ಏಳುವುದಿಲ್ಲ. ರೊಂಗೊ ಸೂಜಿಗೆ ದಾರ ಪೋಣಿಸಿ ಕುರ್ಚಿಯ ಕೈಗೆ ಸಾಲಾಗಿ ಚುಚ್ಚಿಡುತ್ತಾನೆ.

ಇನ್ನೊಂದು ಮಾತು. ಡಿಸೆಂಬರಿಗೆ ನೀನು ಬಾ. ಹಿಂದಿನ ಕೋಣೆಯಲ್ಲಿ ಬಿಸಿಲು ಬೀಳುತ್ತದೆ. ಟಿಕೆಟ್ಟನ್ನು ಕುರಾ ಮತ್ತು ವಿರೆಮು ಕಳಿಸುತ್ತಾರೆ, ಬೇಡವೆಂದರೆ ಅವಳೇ ಬಂದು ಎಳೆದುಕೊಂಡು ಹೋಗುತ್ತಾಳಂತೆ.

ಮೆರೆಯಾನಾ


ಅರೆಯೊರಾ
20 ನವೆಂಬರ್ 1988

ಮೆರೆಯಾನಾ,

ರಾರೊಟೊಂಗಾ ದ್ವೀಪ ದಾಟಿ ನಾನು ಎಲ್ಲಿಗೂ ಹೋದವಳಲ್ಲ. ಅರವತ್ತೊಂದನೆಯ ವಯಸ್ಸಿನಲ್ಲಿ ಇದೇನೆಂದು ಎಲ್ಲರೂ ಕೇಳುತ್ತಿದ್ದಾರೆ. ಹೋಗಿ ನೋಡಿ ಬರುತ್ತೇನೆ ಎಂದಿದ್ದೇನೆ.

ಡಿಸೆಂಬರ್ ಐದಕ್ಕೆ ಆಕ್ಲೆಂಡಿನಲ್ಲಿ ಇಳಿಯುತ್ತೇನೆ. ದಪ್ಪನೆಯ ಸ್ವೆಟರು ತಂದಿರು. ಡಿಸೆಂಬರ್ ಅಲ್ಲಿ ಬೇಸಿಗೆ ಎಂದು ನೀನು ಹೇಳುತ್ತೀಯ, ನಾನು ನಂಬುವುದಿಲ್ಲ. ಹೊಲಿಗೆ ಉಳಿದಿದ್ದರೆ ಬಿಟ್ಟಿರು, ಐದು ದಿನ ನನ್ನ ಕೈಯೂ ಇರುತ್ತದೆ.

ತೆಪಾಯೆರು


ಅರೆಯೊರಾ
5 ಫೆಬ್ರವರಿ 1989

ನನ್ನ ಪ್ರೀತಿಯ ಮೆರೆಯಾನಾ,

ಮನೆ ಸೇರಿ ಮೂರು ವಾರವಾಯಿತು. ಮೂಟೆಯಲ್ಲಿ ನೀನು ತುರುಕಿದ್ದೆಲ್ಲ ಸರಿಯಾಗಿ ಬಂತು, ಜಾಮಿನ ಒಂದು ಬಾಟಲಿ ಬಿಟ್ಟು.

ನಿನ್ನ ಮನೆಯಲ್ಲಿದ್ದ ಐದು ವಾರ ಒಂದು ಮಾತು ಹೇಳಲು ಬಾಯಿ ಬರಲಿಲ್ಲ. ಅಡುಗೆಮನೆಯಲ್ಲಿ ಎರಡು ಸಲ ಶುರುಮಾಡಿದೆ, ರೊಂಗೊ ಬಂದುಬಿಟ್ಟ. ಈಗ ಬರೆಯುತ್ತೇನೆ.

ಮದುವೆಯ ದಿನ ಚರ್ಚಿನ ಹಾಲ್‌ನಲ್ಲಿ ನಾನು ಹಿಂದೆ ನಿಂತಿದ್ದೆ, ನೀನು ಎಷ್ಟು ಕರೆದರೂ ಮುಂದೆ ಬರಲಿಲ್ಲ. ಕಾಲು ನೋವೆಂದೆ. ಕಾಲು ಚೆನ್ನಾಗಿಯೇ ಇತ್ತು. ನೀನೂ ವಾಯಿನೆ ಅಜ್ಜಿಯೂ ಕೌದಿ ಬಿಚ್ಚಿ ಮದುಮಕ್ಕಳಿಬ್ಬರ ಹೆಗಲಿಗೆ ಹೊದಿಸಿದಿರಿ. ಹಾಲ್‌ನಲ್ಲಿದ್ದ ಅಷ್ಟು ಜನರಲ್ಲಿ ಇದು ಯಾವ ಎಲೆ ಎಂದು ಒಬ್ಬರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಾಯಿತು. ಮೊದಲು ಯಾರೋ ನಕ್ಕರು, ಆಮೇಲೆ ಆ ನಗು ನಿಂತಿತು. ನನ್ನ ಪಕ್ಕದಲ್ಲಿದ್ದ ಗಡ್ಡದ ಗಂಡಸು, ಮರದ ಲಾರಿ ಓಡಿಸುವವನಂತೆ, ಕಣ್ಣು ಒರೆಸಿಕೊಂಡು ಹೆಂಡತಿಗೆ ಹೇಳಿದ, "ನಮ್ಮಮ್ಮನ ಹಿತ್ತಲು ಕಣೇ."

ನನ್ನ ದೀವಿಹಲಸನ್ನು ನೋಡಿ ಚೆಂದ ಎಂದವರಿದ್ದಾರೆ. ಯಾರೂ ಹಾಗೆ ಅತ್ತಿರಲಿಲ್ಲ.

ಹೊಟ್ಟೆ ಉರಿಯಿತು, ಮೆರೆಯಾನಾ. ಅಲ್ಲೇ, ಕುರಾಳ ಮದುವೆಯಲ್ಲೇ. ಕತ್ತರಿಸು ಎಂದು ನಾನು ಬರೆದಾಗ ನೀನು ಸೋಲಲಿ ಎಂದೂ ನನ್ನ ಮನಸ್ಸಿನಲ್ಲಿತ್ತು. ಎಂಟು ತುಂಡಾಯಿತು ಎಂದು ಓದಿ ನಕ್ಕದ್ದು ರೊಂಗೊನ ಮಾತಿಗೆ ಮಾತ್ರವಲ್ಲ. ನೀನು ನಿನ್ನದನ್ನು ಹೇಳಿದೆ, ಇದು ನನ್ನದು. ಈಗ ಇಬ್ಬರ ಪೆಟ್ಟಿಗೆಯೂ ಖಾಲಿ.

ಆಮೇಲೆ ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಅಡುಗೆಯವರು ಊಟ ಬೇಯಲು ಹೂತಿಟ್ಟಿದ್ದ ಬಿಸಿ ಕಲ್ಲಿನ ಗುಂಡಿ ತೆರೆಯುತ್ತಿದ್ದರು. ಮೇಲಿನ ಮಣ್ಣು ಸರಿಸಿ, ಒದ್ದೆ ಗೋಣಿ ಎತ್ತಿ, ಆವಿ ಎದ್ದಾಗ ನಾಲ್ಕು ಹೆಂಗಸರು ಒಟ್ಟಿಗೆ ಮುಖ ತಿರುಗಿಸಿ ಕೈ ಮಾತ್ರ ಚಾಚಿದರು. ಅದನ್ನೇ ನೋಡುತ್ತಾ ಕೂತೆ. ಹೊಟ್ಟೆಯ ಉರಿ ಯಾವಾಗ ಹೋಯಿತೋ ತಿಳಿಯಲಿಲ್ಲ. ಅಷ್ಟು ಹೊತ್ತು ಒಂದನ್ನು ನೋಡಿ ಎಷ್ಟು ವರ್ಷವಾಗಿತ್ತೋ. ನೀನು ತಟ್ಟೆ ಹಿಡಿದು ಬಂದು ಪಕ್ಕದಲ್ಲಿ ಕೂತೆ. ಇಬ್ಬರೂ ಒಂದೇ ತಟ್ಟೆಯಲ್ಲಿ ತಿಂದೆವು.

ಇಲ್ಲಿಗೆ ಬಂದ ಮೇಲೆ ದಿನವೂ ಹೊರಡುತ್ತೇನೆ. ಬಂದರು, ಕಾಫಿ ತೋಟ, ಮೊನ್ನೆ ದೋಣಿ ಹತ್ತಿ ಪಕ್ಕದ ಮಿತಿಯಾರೊ ದ್ವೀಪಕ್ಕೂ ಹೋಗಿ ಬಂದೆ. ಪಕ್ಕದ ಮನೆಯ ಹುಡುಗಿ ಹೆದರಿ ಡಾಕ್ಟರನ್ನು ಕರೆಯಲೇ ಎಂದು ಕೇಳಿದಳು. ಶಾಲೆಯ ಕಪಾಟಿನಲ್ಲಿದ್ದ ಪುಸ್ತಕಗಳನ್ನು ಒಂದೊಂದಾಗಿ ತಂದು ಬಿಡಿಸುತ್ತಿದ್ದೇನೆ. ಅರ್ಧ ಅರ್ಥವಾಗುವುದಿಲ್ಲ, ಚಿತ್ರಗಳು ಅರ್ಥವಾಗುತ್ತವೆ.

ಹೋದ ಗುರುವಾರ ಒಬ್ಬಳು ಬಂದಳು, ತಮ್ಮನ ಮಗಳ ಮದುವೆಗೆ ದೀವಿಹಲಸು ಕತ್ತರಿಸಿಕೊಡು ಎಂದು. ಅದು ಬೇಕಾದರೆ ಊರಿನ ಮೂವತ್ತೊಂದು ಮಂಚದ ಮೇಲಿದೆ, ನೋಡಿಕೊಂಡು ನೀನೇ ಕತ್ತರಿಸು ಎಂದೆ. ಬೆಚ್ಚಿ ನನ್ನ ಮುಖವನ್ನೇ ನೋಡಿದಳು.

ನಿನ್ನೆ ಹೆಂಗಸರ ಹಾಲ್‌ನಲ್ಲಿ ನೆಲ ಗುಡಿಸಿ ಕೆಂಪು ಬಟ್ಟೆ ಹಾಸಿದೆ. ಹನ್ನೊಂದು ಜನ ಸುತ್ತ ಕೂತಿದ್ದರು. ಎಂಟು ಮಡಿಕೆ ಮಡಿಚಿದೆ. ಗೆರೆ ಎಳೆದುಕೊಳ್ಳದೆ ನೇರ ಕತ್ತರಿ ಇಟ್ಟೆ. ಬಿಚ್ಚಿದಾಗ ಎಲ್ಲರೂ ಮುಂದಕ್ಕೆ ಬಾಗಿದರು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು.

ಏನು ಕತ್ತರಿಸಿದೆ ಎಂದು ಬರೆಯುವುದಿಲ್ಲ. ಜುಲೈ ರಜೆಗೆ ರೊಂಗೊನನ್ನೂ ಕರೆದುಕೊಂಡು ಬಾ. ಹೊಲಿಯಲು ಹನ್ನೊಂದು ಕೈ ಇವೆ, ನಿನ್ನ ಜಾಗ ನನ್ನ ಎಡಗಡೆ, ಕಿಟಕಿಯ ಹತ್ತಿರ. ಅಲ್ಲಿ ಯಾರನ್ನೂ ಕೂರಿಸಿಲ್ಲ.

ನಿನ್ನ ಅಕ್ಕ,
ತೆಪಾಯೆರು